ನಾಲ್ಕನೆಯ ಸೈಲೆನ್ಸರ್

"ಸಹಿ ಹಾಕೋ ಮಾರಾಯ, ಪೆನ್ನೇನು ಕಚ್ಚಲ್ಲ," ಎಂದ ಮರ್ಲ್ ಟ್ಯಾಕೆಟ್. ಮೊಂಟಾನಾದ ಬೆಟ್ಟಗಳಲ್ಲಿ ಇಪ್ಪತ್ತು ವರ್ಷ ಕ್ಲೇಟನ್ ಜೊತೆ ಬೇಟೆಯಾಡಿದ ಗೆಳೆಯ ಅವನು. ಈಗ, ಬಂದೂಕಿನ ಸದ್ದಡಗಿಸುವ ಸೈಲೆನ್ಸರುಗಳನ್ನು ನೋಂದಾಯಿಸಿಟ್ಟಿದ್ದ ತನ್ನ ಬಂದೂಕು ಟ್ರಸ್ಟನ್ನು ಇಡಿಯಾಗಿ ಕ್ಲೇಟನ್‌ಗೆ ಬಿಟ್ಟುಕೊಡುತ್ತಿದ್ದ. ಸರ್ಕಾರದ ಒಪ್ಪಿಗೆಗೆ ಕಾಯಬೇಕಿಲ್ಲ, ಅದರ ಹೊಣೆ ಹೊತ್ತ ಟ್ರಸ್ಟಿಯ ಹೆಸರು ಬದಲಾದರೆ ಸಾಕು ಎಂಬುದು ಅವನ ವಾದ.

ಕ್ಲೇಟನ್ ಕನ್ನಡಕ ಏರಿಸಿ, ಕಾಗದದಲ್ಲಿದ್ದ ನಂಬರುಗಳನ್ನು ಮೇಜಿನ ಮೇಲಿನ ಸೈಲೆನ್ಸರುಗಳಲ್ಲಿ ಕೊರೆದಿದ್ದ ನಂಬರುಗಳೊಂದಿಗೆ ಬೆರಳಿಟ್ಟು ತಾಳೆ ನೋಡಿದ. ಕಾಗದದಲ್ಲಿ ನಾಲ್ಕಿದ್ದವು, ಮೇಜಿನ ಮೇಲೆ ಮೂರೇ.

"ಇನ್ನೊಂದೆಲ್ಲಿ?"

"ತಮ್ಮನ ಹತ್ರ ಇದೆ. ನಾಳೆ ತರಿಸ್ತೀನಿ ಬಿಡು."

"ಯಾರು, ಡಾರಿಲ್ಲಾ? ಜೈಲಿಂದ ಬಂದೋನು ಅದನ್ನ ಮುಟ್ಟೋ ಹಾಗೇ ಇಲ್ವಲ್ಲೋ!"

"ಅಯ್ಯೋ, ಯಾರು ಕೇಳ್ತಾರೆ?"

"ಕೇಳಿದ್ರೆ ಟ್ರಸ್ಟಿಯನ್ನೇ ಕೇಳ್ತಾರೆ. ಇವತ್ತು ನಿನ್ನನ್ನ. ಸಹಿ ಹಾಕಿದ ಮೇಲೆ ನನ್ನನ್ನ."

ಮರ್ಲ್ ನಗಲು ನೋಡಿದ. ನಗು ಬರಲಿಲ್ಲ. ಕಾಫಿ ಲೋಟ ಎತ್ತಿಕೊಂಡವನು ಕುಡಿಯದೆ ಹಾಗೇ ಹಿಡಿದು ಕುಳಿತ. ಇಷ್ಟು ವರ್ಷಗಳಲ್ಲಿ ಒಂದು ಗುಂಡಿನ ಡಬ್ಬಿಯನ್ನೂ ಪುಕ್ಕಟೆ ಕೊಡದವನು ಇವತ್ತು ಇಷ್ಟು ಧಾರಾಳಿ ಆದದ್ದು ಯಾಕೆಂದು ಕ್ಲೇಟನ್‌ಗೆ ನಿಧಾನವಾಗಿ ಹೊಳೆಯತೊಡಗಿತು.

"ಮರ್ಲ್, ಆಗ್ಲೇ ಯಾರಾದ್ರೂ ಬಂದು ಕೇಳಿದ್ರಾ?"

ಮರ್ಲ್ ತಲೆ ಎತ್ತಲಿಲ್ಲ. "ಸೋಮವಾರ ಸರ್ಕಾರದೋರು ಬಂದಿದ್ರು, ನಾಲ್ಕನೇದೆಲ್ಲಿ ಅಂತ," ಎಂದ. "ಊರಲ್ಲಿ ನಿಂಗೆ ಒಳ್ಳೇ ಹೆಸರಿದೆ. ಟ್ರಸ್ಟಿ ನೀನಾದ್ರೆ, ನೀನು ಹೇಳಿದ್ದನ್ನ ನಂಬ್ತಾರೆ ಅಂದ್ಕೊಂಡೆ."