ಸ್ವಂತ ವಾಕ್ಯ

ತಂಗಿ ಓದಲೆಂದು ನಾನು ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟು ಹೊಲಿಗೆಗೆ ಕೂತವಳು. ಮರುದಿನ ಅವಳ ಸ್ಕೂಲ್ ಡೇ. ಅವಳ ಡ್ಯಾನ್ಸಿನ ಲಂಗದಲ್ಲಿ ಉಳಿದ ಬಟ್ಟೆಯಿಂದ ನನಗೂ ಒಂದು ರವಿಕೆ ಹೊಲಿದುಕೊಂಡಿದ್ದೆ.

ಆ ಸಂಜೆ ಅವಳು ಇಂಗ್ಲಿಷ್ ಪದಗಳನ್ನು ಜೋರಾಗಿ ಓದುತ್ತಿದ್ದಳು.

“‘ಫಿಟ್ ಇನ್’ ಅಂದ್ರೆ ಏನೇ?”

“ಎಲ್ಲರ ಜೊತೆ ಹೊಂದ್ಕೊಂಡು ಬೆರೆಯೋದು, ಅಕ್ಕ.”

“ಹಂಗಾದ್ರೆ ನಾಳೆ ನಿನ್ ಫ್ರೆಂಡ್ಸ್ ಜೊತೆ ನಾನೂ ಫಿಟ್ ಇನ್ ಆಗ್ತೀನಿ ನೋಡು.”

ಅವಳು ನಗಲಿಲ್ಲ. “ನಿಂಗೆ ಬೋರಾಗುತ್ತೆ. ಬರ್ಬೇಡ ಬಿಡು.”

“ನಿನ್ ಡ್ಯಾನ್ಸ್ ನೋಡೋಕೆ ಬೋರಾ?”

ಅವಳು ಎದ್ದು ಹೋದಳು. ತೆರೆದೇ ಇದ್ದ ನೋಟ್‌ಬುಕ್ಕಿನಲ್ಲಿ ಆ ಪದಕ್ಕೆ ಅವಳು ಬರೆದ ಸ್ವಂತ ವಾಕ್ಯವಿತ್ತು. ಇಂಗ್ಲಿಷ್ ಅಕ್ಷರ ಕೂಡಿಸಿ ಕೂಡಿಸಿ ಓದಿದೆ: ನನ್ನ ಅಕ್ಕ ಜೊತೆಗಿದ್ದರೆ ನಾನು ಗೆಳತಿಯರಲ್ಲಿ ಬೆರೆಯಲಾರೆ.

ಪಕ್ಕದಲ್ಲಿ ಮೇಡಂ ಕೆಂಪು ಶಾಯಿಯಲ್ಲಿ ‘ಗುಡ್’ ಎಂದು ಬರೆದಿದ್ದರು.