ಒಂದು ಚಮಚ ನುಗ್ಗೆಸೊಪ್ಪು

ಮಣ್ಣಿನ ಸತ್ವ ಹೋಗಿ ಹನ್ನೊಂದು ವರ್ಷವಾಗಿತ್ತು. ಬೆಳೆದ ಜೋಳದಿಂದ ಹೊಟ್ಟೆ ತುಂಬುತ್ತಿತ್ತು, ಮೈಗೆ ಮಾತ್ರ ಹತ್ತುತ್ತಿರಲಿಲ್ಲ. ಕಸುವಿದ್ದ ನುಗ್ಗೆಸೊಪ್ಪು ಬೆಳೆಯುತ್ತಿದ್ದುದು ಗಾಜಿನಮನೆಯಲ್ಲಷ್ಟೇ. ಅಲ್ಲಿ ದುಡಿಯುವವರಿಗೆ ದಿನಕ್ಕೊಂದು ಚಮಚ. ಅದನ್ನೂ ಮೇಸ್ತ್ರಿಯ ಎದುರೇ ನುಂಗಿ, ಬಾಯಿ ತೆರೆದು ತೋರಿಸಬೇಕು. ಮಕ್ಕಳು ದುಡಿಯುವುದಿಲ್ಲವಲ್ಲ, ಅವರಿಗೆ ಪಾಲಿಲ್ಲ.

ನೀಲವ್ವ ಎಂದಿನಂತೆ ಸೊಪ್ಪನ್ನು ನಾಲಿಗೆಯಡಿ ಒತ್ತಿಕೊಂಡು ಬಾಯಿ ತೆರೆದಳು. ಹೀಗೇ ಮನೆಗೆ ಒಯ್ದು, ಕಣ್ಣು ಮಂಜಾಗಿದ್ದ ಮೊಮ್ಮಗಳಿಗೆ ಗುಬ್ಬಿ ಗುಟುಕು ಕೊಟ್ಟಂತೆ ಕೊಡುತ್ತಿದ್ದಳು. ಮೇಸ್ತ್ರಿ ಅಡಿವೆಪ್ಪ ಎರಡು ವರ್ಷದಿಂದ ಕಂಡೂ ಕಾಣದವನಂತೆ ಅವಳನ್ನು ಬಿಟ್ಟುಬಿಡುತ್ತಿದ್ದ.

ಇವತ್ತು ತಡೆದು, ಒಂದು ಲೋಟ ನೀರು ಕೊಟ್ಟ.

“ನುಂಗಬೇ ಯವ್ವಾ,” ಅಂದ ಮೆಲ್ಲಗೆ. “ಕೂಸಿನ್ನ ನಿನ್ನೆ ಮಣ್ಣು ಮಾಡಿ ಬಂದೇವಲ್ಲ.”