ರೈಲ್ವೆ ಗೇಟಿನ ಫೈನಲ್

ಯಾದಗಿರಿಯ ಹೊರಗಿನ ರೈಲ್ವೆ ಗೇಟು ಬಿದ್ದು ಮುಕ್ಕಾಲು ಗಂಟೆಯಾದರೂ ಏಳಲಿಲ್ಲ. ಚರ್ಚಾಸ್ಪರ್ಧೆಯ ಅಂತಿಮ ಸುತ್ತಿಗೆ ಹೊರಟಿದ್ದ ಶಹಾಪುರದ ಕ್ರೂಸರ್ ಜೀಪಿನಲ್ಲಿ ಇಬ್ಬರು ಸ್ಪರ್ಧಿಗಳೂ ತೀರ್ಪುಗಾರರಾದ ನಿವೃತ್ತ ಮಾಸ್ತರ ಭಗವಂತರಾಯರೂ ಸಿಕ್ಕಿಬಿದ್ದಿದ್ದರು. ಗೆದ್ದವರ ಹೆಸರು ಹನ್ನೆರಡು ಗಂಟೆಯೊಳಗೆ ಬೆಂಗಳೂರಿಗೆ ಮುಟ್ಟದಿದ್ದರೆ ರಾಜ್ಯಮಟ್ಟದಲ್ಲಿ ಜಿಲ್ಲೆಗೆ ಜಾಗವೇ ಇಲ್ಲ. ಭಗವಂತರಾಯರು ಗಡಿಯಾರ ನೋಡಿದರು, ಗೇಟು ನೋಡಿದರು, ಹಿಂದೆ ಸಾಲುಗಟ್ಟಿದ್ದ ಬಸ್ಸು, ಟಂಟಂ ಆಟೋ, ಹತ್ತಿಯ ಟ್ರ್ಯಾಕ್ಟರುಗಳನ್ನು ನೋಡಿದರು. ಚರ್ಚೆಯ ವಿಷಯ ರೈಲು, ಜನರೋ ಇಷ್ಟೊಂದು, ಇನ್ನೇನು ಬೇಕು ಎಂದು ಸ್ಪರ್ಧೆಯನ್ನು ಅಲ್ಲೇ ಶುರುಮಾಡಿಬಿಟ್ಟರು. ತೀರ್ಪು ಜನರದು, ಕೈ ಎತ್ತಿ ಹೇಳಬೇಕು.

ಸ್ಪರ್ಧಿಗಳಲ್ಲಿ ಒಬ್ಬಳು ಖುರ್ಷೀದಬೇಗಂ. ಗೋಗಿಯ ಈ ಹುಡುಗಿ ಹುಟ್ಟಿದಾಗಿನಿಂದ ರೈಲು ಹತ್ತಿದವಳಲ್ಲ. ಗೆದ್ದರೆ ರೈಲಿನಲ್ಲಿ ಬೆಂಗಳೂರಿಗೆ ಕಳಿಸುತ್ತೇನೆ, ಸೋತರೆ ಈ ಭಾಷಣದ ಹುಚ್ಚು ಇವತ್ತಿಗೇ ಮುಗಿಯಿತು ಎಂದು ಅಪ್ಪ ಲಾಡ್ಲೇಸಾಬ ಕರಾರು ಹಾಕಿದ್ದ. ಅವಳು ವಾದಿಸಬೇಕಾಗಿದ್ದದ್ದು ಹೊಸ ವೇಗದ ರೈಲುಮಾರ್ಗದ ಪರವಾಗಿ.

ಇದ್ದ ಹಳಿಯನ್ನೇ ಸುಧಾರಿಸಬೇಕು ಎನ್ನುವ ಎದುರಾಳಿ ಅಂಬ್ರಪ್ಪ ಮೊದಲು ಮಾತಾಡಿದ. ಅದೃಷ್ಟವಂತ. ಬಿಸಿಲಲ್ಲಿ ಗೇಟು ಕಾಯುತ್ತಿದ್ದವರಿಗೆ ಇಲ್ಲೊಂದು ಮೇಲ್ಸೇತುವೆ, ಪ್ಯಾಸೆಂಜರಿಗೆ ನಾಲ್ಕು ಡಬ್ಬಿ ಹೆಚ್ಚಿಗೆ ಎಂದರೆ ಸಾಕಿತ್ತು. ಕೋಟಿಗಟ್ಟಲೆ ಸುರಿದು ಉಳ್ಳವರಿಗಾಗಿ ರೈಲು ಓಡಿಸುವುದೇಕೆ ಎಂದು ಕೇಳಿದಾಗಲಂತೂ ಸಿಳ್ಳೆಗಳು ಬಿದ್ದವು.

ಖುರ್ಷೀದ ಟ್ರ್ಯಾಕ್ಟರಿನ ಟ್ರಾಲಿ ಏರಿದಳು. ಜಪಾನಿನ ವೇಗದ ರೈಲಿನ ಅಂಕಿಅಂಶವೆಲ್ಲ ಬಾಯಿಪಾಠವಾಗಿತ್ತು. ಈ ಜನರೆದುರು ಜಪಾನ್ ಯಾಕೆ ಎನಿಸಿ ಅದನ್ನು ಬಿಟ್ಟುಬಿಟ್ಟಳು.

"ಇದ್ದ ಹಳಿ ಚಲೋ ಮಾಡ್ರಿ ಅಂತಾನ ಅಂಬ್ರಪ್ಪ. ಶಹಾಪುರದಾಗ ಹಳಿ ಎಲ್ಲಿ ಅದ? ಸುರಪುರದಾಗ ಎಲ್ಲಿ ಅದ? ಅವತ್ತು ಸರ್ಕಾರದವರು, ಕಾಲುವಿ ಯಾಕ, ಇದ್ದ ಬಾವಿ ಹೂಳು ತೆಗದ್ರ ಸಾಕು ಅಂದಿದ್ರ ಇವತ್ತು ನಾವು ಭತ್ತ ಬೆಳಿತಿದ್ದಿವೇನು?"

ಸುರಪುರದ ಬಸ್ಸಿನಿಂದ ಹೋ ಎಂಬ ಕೂಗೆದ್ದಿತು. ಆದರೆ ಮೆಣಸಿನಕಾಯಿ ಬಿಡಿಸಲು ಹೊರಟಿದ್ದ ಕೂಲಿ ಹೆಂಗಸರ ನಡುವಿನಿಂದ ವಡಗೇರಾದ ಮರಿಲಿಂಗಮ್ಮ ಮುಂದೆ ಬಂದಳು. "ಕಾಲುವಿ ನಮ್ಮ ಹೊಲದ ಬದಿಗೇ ಹೋಗ್ಯದ, ತಂಗಿ. ನಮಗ ನೀರು ಬಿಡೋ ತೂಬೇ ಇಲ್ಲ. ನಿನ್ನ ರೈಲು ನಮ್ಮೂರಾಗ ನಿಂದರ್ತದೇನು?"

ನಿಲ್ಲುತ್ತದೆ ಎಂದುಬಿಟ್ಟಿದ್ದರೆ ಬೆಂಗಳೂರು ಅವಳದೇ. ಓಟು ಕೇಳಲು ಬರುವವರು ಇದಕ್ಕಿಂತ ದೊಡ್ಡ ಸುಳ್ಳು ಹೇಳಿ ಗೆದ್ದಿದ್ದಾರೆ. ಖುರ್ಷೀದಳಿಗೆ ಯಾಕೋ ಸುಳ್ಳು ಹೇಳುವ ಮನಸ್ಸಾಗಲಿಲ್ಲ. "ನಿಂದ್ರಂಗಿಲ್ಲ, ಯವ್ವಾ. ಖರೇ ಹೇಳ್ತೀನಿ. ಆದ್ರ ತೂಬು ಕೊಡ್ರಿ ಅಂತ ಜಗಳಾ ಮಾಡಾಕ ಮೊದಲ ಕಾಲುವಿ ಇರಬೇಕಲ್ಲ."

ಭಗವಂತರಾಯರು ಅಂಬ್ರಪ್ಪನ ಪರ ಎದ್ದ ಕೈಗಳನ್ನು ಎಣಿಸಿದರು, ಎಂಬತ್ತಾದವು. ಇನ್ನು ಖುರ್ಷೀದಳ ಸರದಿ ಎನ್ನುವಷ್ಟರಲ್ಲಿ ಗೂಡ್ಸು ಗಾಡಿ ದಡದಡ ದಾಟಿಹೋಗಿ ಗೇಟು ಎದ್ದೇಬಿಟ್ಟಿತು. ಗೇಟು ಎದ್ದಮೇಲೆ ಪ್ರಜಾಪ್ರಭುತ್ವ ಯಾರಿಗೆ ಬೇಕು? ಜನ ಓಡಿ ಓಡಿ ಗಾಡಿ ಹತ್ತಿದರು, ಹಾರ್ನುಗಳು ಒದರತೊಡಗಿದವು. ಒಂದು ಕೈಯೂ ಎಣಿಕೆಯಾಗದೆ ಸೋತೆನಲ್ಲ ಎಂದು ಖುರ್ಷೀದಳ ಕಣ್ಣು ತುಂಬಿತು.

ಮರಿಲಿಂಗಮ್ಮ ಸೀದಾ ಹೋಗಿ ರಸ್ತೆಯ ನಡುವೆ ಬಲಗೈ ಎತ್ತಿ ನಿಂತಳು. ಟ್ರ್ಯಾಕ್ಟರಿನವನು ಹಾರ್ನ್ ಒತ್ತಿಯೇ ಒತ್ತಿದ, ಆಕೆ ಕದಲಲಿಲ್ಲ.

"ಈ ಹುಡುಗಿಗೆ ನಂದೊಂದು. ಎಣಿಸ್ರಿ ಮಾಸ್ತರ, ಗಾಡಿ ಆಮ್ಯಾಲ ಹೋಗ್ಲಿ."

ಬಸ್ಸಿನ ಕಿಟಕಿಯಿಂದ ಬಳೆಯ ಕೈಯೊಂದು ಹೊರಬಂತು. ಅದರ ಹಿಂದೆ ಇನ್ನೊಂದು. ಟಂಟಂಗಳಿಂದ, ಹತ್ತಿ ತುಂಬಿದ ಅಂಡಿಗೆ ಚೀಲಗಳ ಮೇಲಿನಿಂದ ಕೈಗಳೆದ್ದವು. ಹಾರ್ನ್ ಒತ್ತುತ್ತಿದ್ದವನೂ ಅದೇ ಕೈಯನ್ನು ಎತ್ತಿದ. ಭಗವಂತರಾಯರು ಸಾಲಿನುದ್ದಕ್ಕೂ ಓಡುತ್ತ ಎಣಿಸಿದರು. ಎಂಬತ್ತು ದಾಟಿತು, ನೂರು ದಾಟಿತು. ಅಷ್ಟರಲ್ಲಿ ರಾಯಚೂರು ಕಡೆಯಿಂದ ಮತ್ತೊಂದು ರೈಲು ಕೂಗಿತು, ಗೇಟು ಮತ್ತೆ ಬಿತ್ತು. ಎತ್ತಿದ ಕೈ ಒಂದೂ ಇಳಿಯಲಿಲ್ಲ.